ಕಿವಿರಾಯರ ಕೋಣೆಗೆ ಅಲೆ ಬಂದದ್ದು

ಊರಿನ ನೆಲದಡಿಯಲ್ಲಿ ಎಲ್ಲೇ ಒಂದು ಹನಿ ನೀರು ಸೋರಿದರೂ ಅದು ತಮ್ಮ ಕಿವಿ ತಪ್ಪಿಸಿಕೊಂಡು ಹೋಗಲಾರದು ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಿವಿರಾಯರು, ಆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಪ್ರತಿಜ್ಞೆ ಮಾಡಿದರು.

"ಇವತ್ತು ಸಂಜೆ ನನ್ನ ರೆಕಾರ್ಡು ಕೇಳಿ ನೀನು ತಲೆದೂಗ್ಲಿಲ್ಲ ಅಂದ್ರೆ ನನ್ನ ಹೆಸರು ಕಿವಿರಾಯನೇ ಅಲ್ಲ."

"ನಿಮ್ಮ ಹೆಸರು ಮೊದಲಿಂದಲೂ ಅದಲ್ಲ. ಆಫೀಸಿನವರು ಇಟ್ಟಿದ್ದು," ಎಂದರು ಮನೆಯಾಕೆ, ಕೈಯಲ್ಲಿದ್ದ ಅಳತೆಯ ಟೇಪಿನ ಒಂದು ತುದಿಯನ್ನು ಗಂಡನಿಗೆ ಕೊಡುತ್ತಾ. "ಇದನ್ನ ಆ ಗೋಡೆಗೆ ಒತ್ತಿ ಹಿಡೀರಿ."

ಅಳೆಯುತ್ತಿದ್ದದ್ದು ಹಿಂದಿನ ಕೋಣೆಯನ್ನು. ಆಕೆಯ ತಾಯಿ ಇನ್ನು ಮುಂದೆ ಮಗಳ ಮನೆಯಲ್ಲೇ ಇರುತ್ತೇನೆಂದು ಬಂದು ಆಗಲೇ ವಾರ ಕಳೆದಿತ್ತು. ಪಾಪ, ಹಾಲಿನ ಸೋಫಾದ ಮೇಲೆ ಮೈ ಮುದುಡಿಕೊಂಡು ಮಲಗುತ್ತಿದ್ದರು. ಮನೆಯಲ್ಲಿ ಮಿಕ್ಕಿದ್ದದ್ದು ಇದೊಂದೇ ಕೋಣೆ. ಅದರ ಒಂದು ಗೋಡೆಯ ಉದ್ದಕ್ಕೂ ಕಿವಿರಾಯರ ರೆಕಾರ್ಡುಗಳ ಕಪಾಟು, ಎದುರಿಗೆ ಅವರ ಆರಾಮಕುರ್ಚಿ, ನಡುವೆ ರೆಕಾರ್ಡ್ ಪ್ಲೇಯರು ಇಟ್ಟ ಮೇಜು. ಇದನ್ನವರು ಸಂಗೀತದ ಕೋಣೆ ಅನ್ನುತ್ತಿದ್ದರು. ಮನೆಯಾಕೆ ಗೋದಾಮು ಅನ್ನುತ್ತಿದ್ದರು.

"ಮಂಚ ಬಂದ್ರೆ ಕಪಾಟು ಹೋಗ್ಬೇಕು. ಕಪಾಟು ಇದ್ರೆ ಮಂಚ ಬರಲ್ಲ," ಎಂದು ಟೇಪನ್ನು ಸುತ್ತಿಕೊಂಡರು ಆಕೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವರು. ಅವರ ಕಣ್ಣಳತೆ ತಪ್ಪಿದ್ದನ್ನು ಯಾರೂ ಕಂಡಿಲ್ಲ, ಟೇಪು ಹಿಡಿದದ್ದು ಕೇವಲ ಶಾಸ್ತ್ರಕ್ಕೆ. "ಹಳೇ ಸಾಮಾನಿನ ಅಂಗಡಿಯವರು ಸೋಮವಾರ ಗಾಡಿ ತರ್ತೀನಿ ಅಂದಿದಾರೆ."

ಕಿವಿರಾಯರು ಕಪಾಟಿಗೆ ಅಡ್ಡ ನಿಂತರು.

"ಗಾಡಿನಾ? ನನ್ನ ರೆಕಾರ್ಡಿಗಾ? ಇದರಲ್ಲಿ ಒಂದೊಂದೂ ಮುತ್ತು ಕಣೇ."

"ಮುತ್ತು ಅಂತ ನಿಮ್ಮನ್ನ ಬಿಟ್ಟು ಈ ಭೂಮಿ ಮೇಲೆ ಇನ್ನೊಬ್ಬರು ಹೇಳ್ಲಿ, ಕಪಾಟು ಇಲ್ಲೇ ಇರಲಿ ಅಂತ ಬಿಡ್ತೀನಿ. ಒಬ್ಬರೇ ಒಬ್ಬರು ಸಾಕು. ಬಾಯುಪಚಾರಕ್ಕಲ್ಲ, ಮನಸಾರೆ."

"ಒಬ್ಬರೇನು, ಇವತ್ತು ಸಂಜೆ ಮೂರು ಜನ ಹೇಳ್ತಾರೆ. ಅದರಲ್ಲಿ ನೀನೂ ಒಬ್ಬಳು."

ಹೀಗೆ ಪ್ರತಿಜ್ಞೆ ಪಂದ್ಯವಾಯಿತು.

ಇಲ್ಲಿ ಕಿವಿರಾಯರ ಕಿವಿಯ ವಿಚಾರ ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಅವರು ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಪತ್ತೆ ಮಾಡುವವರು. ಊರು ಏಳುವ ಮೊದಲು, ಬಸ್ಸು ಕಾರುಗಳ ಗದ್ದಲ ಶುರುವಾಗುವ ಮೊದಲು, ಒಂದು ಉದ್ದನೆಯ ಉಕ್ಕಿನ ಕೋಲು ಹಿಡಿದು ಬೀದಿಗಿಳಿಯುತ್ತಿದ್ದರು. ಕೋಲಿನ ತುದಿಯನ್ನು ರಸ್ತೆಗೋ ನಲ್ಲಿಗೋ ಊರಿ, ಮೇಲಿನ ಮರದ ಬಟ್ಟಲಿಗೆ ಕಿವಿ ಹಚ್ಚಿ ನಿಂತರೆಂದರೆ ನೆಲದಡಿಯ ಪೈಪುಗಳು ಅವರೊಂದಿಗೆ ಮಾತಾಡುತ್ತಿದ್ದವು. ಸುಸ್ಸ್ ಅಂದರೆ ಬಿರುಕು. ಬುಸ್ಸ್ ಅಂದರೆ ಒಡೆದ ಜಾಯಿಂಟು. ಏನೂ ಅನ್ನದಿದ್ದರೆ ಎಲ್ಲ ಕ್ಷೇಮ. ಆ ಕೋಲಿಗೆ ಇಲಾಖೆಯಲ್ಲಿ ಕಿವಿಕೋಲು ಎಂದು ಹೆಸರು, ಹಿಡಿದವರಿಗೆ ಕಿವಿರಾಯ ಎಂದು ಬಿರುದು. ಮನೆಯಲ್ಲಿ ಎಷ್ಟು ಕೂಗಿದರೂ ಓಗೊಡದವರು ನೆಲದಡಿಯ ಪಿಸುಮಾತಿಗೆ ಓಗೊಡುತ್ತಾರೆ ಎಂಬುದು ಮನೆಯಾಕೆಯ ಹಳೆಯ ದೂರು.

ಇಂಥ ಕಿವಿಗೆ ಬೇರೆ ಯಾವ ಸಂಗೀತವೂ ಹಿಡಿಸಲಿಲ್ಲ. ಹಿಡಿಸಿದ್ದು ಸರ್ಫ್ ರಾಕ್. ಹಲಗೆಯ ಮೇಲೆ ನಿಂತು ಸಮುದ್ರದ ಅಲೆ ಏರುವ ಪಡ್ಡೆ ಹುಡುಗರಿಗಾಗಿ ಹುಟ್ಟಿದ ವಾದ್ಯಸಂಗೀತ. ಹಾಡುವವರು ಯಾರೂ ಇಲ್ಲ. ಒಂದು ಗಿಟಾರು ಮುಂದೆ ಓಡುತ್ತದೆ, ಇನ್ನೊಂದು ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕೆಳಗೆ ದಪ್ಪ ತಂತಿಯ ಗಿಟಾರು ಗುಡುಗುಡು ಅನ್ನುತ್ತದೆ, ಡ್ರಮ್ಮಿನವನು ಕೊನೆಯ ಬಸ್ಸು ತಪ್ಪಿಹೋಗುತ್ತದೆ ಎನ್ನುವವನ ಹಾಗೆ ಬಡಿಯುತ್ತಾನೆ. ಗಿಟಾರಿನ ಸದ್ದನ್ನು ಒಂದು ಡಬ್ಬಿಯೊಳಗಿನ ಸ್ಪ್ರಿಂಗುಗಳ ಮೂಲಕ ಹಾಯಿಸಿ ಹೊರಗೆ ಬಿಡುವುದರಿಂದ ಒಂದೊಂದು ಸ್ವರವೂ ನೀರಲ್ಲಿ ಮುಳುಗೆದ್ದು ಬಂದಂತೆ ತೊಯ್ದು ತೊಪ್ಪೆಯಾಗಿರುತ್ತದೆ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ, ಈಜು ಬಾರದ, ಬಕೆಟ್ ನೀರಿಗಿಂತ ಆಳಕ್ಕೆ ಇಳಿಯದ ಕಿವಿರಾಯರು ಅದನ್ನು ಕೇಳಿದ ಮೊದಲ ದಿನವೇ ಮುಳುಗಿಹೋದರು.

ಅದರಲ್ಲೂ ಹೆಸರಾದ ತಂಡಗಳೆಂದರೆ ಅವರಿಗೆ ಅಷ್ಟಕ್ಕಷ್ಟೆ. "ಅವರಿಗೇನು, ಇಡೀ ಲೋಕ ಇದೆ ಕೇಳೋಕೆ," ಎನ್ನುತ್ತಿದ್ದರು. ಇವರ ಪ್ರೀತಿಯೆಲ್ಲ ಒಂದೇ ಒಂದು ರೆಕಾರ್ಡು ಮಾಡಿ ಹೇಳಹೆಸರಿಲ್ಲದಂತೆ ಹೋದವರ ಮೇಲೆ. ಕನ್ನಡದಲ್ಲಿ ಹೇಳುವುದಾದರೆ ಅವರ ಹೆಸರುಗಳು ಹೀಗಿದ್ದವು: ಅಡ್ಡನಡೆ ಏಡಿಗಳು, ಈಜು ಬಾರದ ಲೈಫ್‌ಗಾರ್ಡುಗಳು, ಮತ್ತು ಎಲ್ಲಕ್ಕಿಂತ ಮೇಲಾದ ಒದ್ದೆ ಟವೆಲ್ಲುಗಳು. ಒದ್ದೆ ಟವೆಲ್ಲುಗಳ ಏಕೈಕ ರೆಕಾರ್ಡಿನ ಹೆಸರು 'ದಡಕ್ಕೆ ಬೆನ್ನು'. ಹಿಂದಿನ ರಟ್ಟಿನ ಮೇಲೆ ಒಂದೇ ಥರದ ಪಟ್ಟೆ ಅಂಗಿ ತೊಟ್ಟ ನಾಲ್ವರ ಫೋಟೊ. ಮೂವರು ಕ್ಯಾಮೆರಾ ನೋಡುತ್ತಿದ್ದಾರೆ, ನಾಲ್ಕನೆಯವನು ಪಕ್ಕಕ್ಕೆ ಏನನ್ನೋ ನೋಡುತ್ತಿದ್ದಾನೆ. ಇನ್ನೊಂದು ಫೋಟೊ ತೆಗೆಯುವಷ್ಟು ಪುರಸೊತ್ತು ಯಾರಿಗೂ ಇದ್ದಂತಿಲ್ಲ.

ಸ್ಟುಡಿಯೋ ಅವರಿಗೆ ಸಿಕ್ಕಿದ್ದು ಪ್ರಾಯಶಃ ಒಂದು ಮಧ್ಯಾಹ್ನದ ಮಟ್ಟಿಗೆ. ಅದು ಕೇಳಿದರೇ ಗೊತ್ತಾಗುತ್ತದೆ. ಮೂರನೆಯ ತುಣುಕಿನಲ್ಲಿ ಡ್ರಮ್ಮಿನವನ ಕೈಯಿಂದ ಕಡ್ಡಿ ಜಾರಿ ಬೀಳುತ್ತದೆ. ಉಳಿದವರು ನಿಲ್ಲಿಸುವುದಿಲ್ಲ. ಯಾರೋ ಒಬ್ಬ ಕಿಸಕ್ಕೆಂದು ನಗುತ್ತಾನೆ. ಡ್ರಮ್ಮಿನವನು ಒಂದೇ ಕೈಯಲ್ಲಿ ಬಡಿಯುತ್ತಾ, ಬಗ್ಗಿ ಕಡ್ಡಿ ಹುಡುಕಿ, ಮತ್ತೆ ಎರಡೂ ಕೈಯಲ್ಲಿ ಎಲ್ಲರ ಜೊತೆ ಬಂದು ಕೂಡಿಕೊಳ್ಳುತ್ತಾನೆ. ಆ ಜಾಗ ಬಂದಾಗಲೆಲ್ಲ ಕಿವಿರಾಯರು ಉಸಿರು ಬಿಗಿಹಿಡಿಯುತ್ತಿದ್ದರು. ಎಷ್ಟು ಸಲ ಕೇಳಿದ್ದರೂ ಈ ಸಲ ಕಡ್ಡಿ ಸಿಗದೇ ಹೋದೀತು ಎಂಬ ಭಯ ಅವರಿಗೆ. ಸಿಕ್ಕ ಕೂಡಲೇ ಕಣ್ಣು ತುಂಬಿ ಬರುತ್ತಿತ್ತು. ತಾವೂ ಕೈಬಿಟ್ಟರೆ ಆ ನಾಲ್ವರಿಗೆ ಈ ಲೋಕದಲ್ಲಿ ಇನ್ಯಾರು ದಿಕ್ಕು ಎಂದು ನಿಜವಾಗಿ ಸಂಕಟವಾಗುತ್ತಿತ್ತು. ಆದ್ದರಿಂದ ಸೋಮವಾರದ ಗಾಡಿ ಎಂದರೆ ಅವರಿಗೆ ಬರೀ ಗಾಡಿಯಾಗಿರಲಿಲ್ಲ.

ಅದೃಷ್ಟಕ್ಕೆ, ಅಥವಾ ದುರದೃಷ್ಟಕ್ಕೆ, ಆ ವಾರ ಅವರ ಗ್ರಹಗತಿ ಉಚ್ಚದಲ್ಲಿತ್ತು. ಅವರ ಬೀದಿಯಲ್ಲಿ ವರ್ಷಗಳಿಂದ ನೀರಿನ ಒತ್ತಡವೇ ಇರಲಿಲ್ಲ. ಮೇಲಿನ ಮಹಡಿಯ ನಲ್ಲಿಗಳು ಕಣ್ಣೀರು ಹಾಕುವಷ್ಟೇ ನೀರು ಬಿಡುತ್ತಿದ್ದವು. ಕಿವಿರಾಯರು ಕೋಲು ಊರಿ ಊರಿ, ಕೊನೆಗೆ ಬೇಕರಿಯ ಮುಂದಿನ ತಿರುವಿನಲ್ಲಿ ಕಿವಿ ನೆಟ್ಟು, "ಇಲ್ಲಿ ಅಗೀರಿ" ಎಂದಿದ್ದರು. ಅಗೆದರೆ ಕೈ ತೂರುವಷ್ಟು ದೊಡ್ಡ ಬಿರುಕು. ದುರಸ್ತಿ ಮುಗಿದು, ಭಾನುವಾರ ಸಂಜೆ ಬೀದಿಗೆ ಪೂರ್ತಿ ನೀರು ಬಿಡುವುದೆಂದು ತೀರ್ಮಾನವಾಗಿತ್ತು. ಖುಷಿಯಾದ ದೊಡ್ಡ ಇಂಜಿನಿಯರು, "ಸಂಜೆ ನಿಮ್ಮ ಮನೆಗೇ ಬರ್ತೀನಿ ಕಿವಿರಾಯ್ರೇ, ಟೀ ಕುಡಿದು ಹೋಗ್ತೀನಿ," ಎಂದಿದ್ದರು. ಇಂಜಿನಿಯರು ಎರಡನೆಯ ಶ್ರೋತೃ. ಅತ್ತೆಯವರು ಮೂರನೆಯವರು.

ಸಿದ್ಧತೆ ಭರದಿಂದ ನಡೆಯಿತು. ರೆಕಾರ್ಡಿನ ಧೂಳು ಒರೆಸಿದರು. ಸ್ಪೀಕರುಗಳನ್ನು ಸ್ಟೂಲುಗಳ ಮೇಲೇರಿಸಿದರು. ಕುರ್ಚಿಗಳನ್ನು ಜೋಡಿಸಿ, ಒಂದೊಂದರಲ್ಲೂ ಕೂತು, ಕಣ್ಣು ಮುಚ್ಚಿ ಪರೀಕ್ಷಿಸಿದರು. ಆಗ ಕೇಳಿಸಿತು.

ಟೊಕ್. ಟೊಕ್. ಟೊಕ್.

ಗೋಡೆಯಾಚೆ ಅಡುಗೆಮನೆಯ ನಲ್ಲಿ.

"ಇದನ್ನ ನಾನು ಎಷ್ಟು ದಿನದಿಂದ ಹೇಳ್ತಾ ಇದೀನಿ," ಎಂದರು ಮನೆಯಾಕೆ. "ಇಡೀ ಊರಿನ ಸೋರಿಕೆ ಹಿಡಿಯೋರಿಗೆ ಮನೆ ನಲ್ಲಿಗೊಂದು ವಾಷರ್ ಹಾಕೋಕೆ ಆಗಲ್ವಾ?"

"ಅದು ಚಿಲ್ಲರೆ ಸೋರಿಕೆ. ನಾನು ಮೇನ್ ಪೈಪಿನವನು."

"ಹಾಗಾದ್ರೆ ಚಿಲ್ಲರೆಯವರನ್ನ ಕರೆಸಿ."

ನೀರಿನ ಇಲಾಖೆಯವರ ಮನೆಗೆ ಪ್ಲಂಬರು ಬಂದ ಎಂದು ನಾಲ್ಕು ಜನ ಆಡಿಕೊಂಡರೆ ಮರ್ಯಾದೆ ಉಳಿದೀತೇ? ಕಿವಿರಾಯರು ತಮ್ಮ ಬುದ್ಧಿಯನ್ನೇ ಬಳಸಿದರು. ಒಂದು ಹಳೆಯ ಬನಿಯನ್ನು ಹರಿದು, ಅದರ ಪಟ್ಟಿಯನ್ನು ನಲ್ಲಿಯ ಮೂತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಸಿಂಕಿನ ತೂತಿನವರೆಗೆ ಇಳಿಬಿಟ್ಟರು. ಹನಿಗಳು ಈಗ ಬೀಳಲಿಲ್ಲ, ಬಟ್ಟೆಗುಂಟ ಸದ್ದಿಲ್ಲದೆ ಜಾರಿಹೋದವು. ಟೊಕ್ ನಿಂತಿತು. ಇಂಥ ಚಮತ್ಕಾರಕ್ಕೆ ವಾಷರೇಕೆ ಎಂದು ಕೈ ಕೊಡವಿಕೊಂಡು ಅವರು ಸಂಗೀತದ ಕೋಣೆಗೆ ಮರಳಿದರು.

ಸಂಜೆ ಇಂಜಿನಿಯರು ಬಂದರು. ಶೂಗಳನ್ನು ಬಾಗಿಲಲ್ಲಿ ಬಿಟ್ಟು, ಬಿಳಿಯ ಸಾಕ್ಸಿನಲ್ಲಿ ಒಳಗೆ ನಡೆದು, ಒಳ್ಳೆಯ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಮನೆಯಾಕೆ. ಕಪಾಟಿನ ಮಗ್ಗುಲಿಗೆ ಅತ್ತೆಯವರು. ಅತ್ತೆಯವರಿಗೆ ಕಿವಿ ಬಹಳ ಮಂದ. ಕಿವಿಯ ಮಷೀನು ಇತ್ತು, ಆದರೆ ಹಾಕಿಕೊಂಡರೆ ನಾಲ್ಕು ಜನರ ಮಾತು, ತಟ್ಟೆಯ ಸದ್ದು, ಫ್ಯಾನಿನ ಸದ್ದು ಎಲ್ಲ ಕಲಸುಮೇಲೋಗರವಾಗಿ ತಲೆ ಸಿಡಿಯುತ್ತಿತ್ತು. ಅದಕ್ಕೇ ಮಷೀನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎಲ್ಲರಿಗೂ ನಗುಮುಖ ತೋರಿಸುತ್ತಾ ಕೂತಿರುವುದು ಅವರ ಪದ್ಧತಿ.

ಕಿವಿರಾಯರು ಗಂಟಲು ಸರಿಪಡಿಸಿಕೊಂಡು ನಿಯಮಗಳನ್ನು ಘೋಷಿಸಿದರು.

"ಎಲ್ಲರೂ ಕಣ್ಣು ಮುಚ್ಚಬೇಕು. ಮಾತಾಡಬಾರದು. ಒಂದು ಬದಿ ಮುಗಿಯೋವರೆಗೆ ಯಾರೂ ಏಳಬಾರದು. ಮೊದಲು ಸಣ್ಣ ಅಲೆ ಬರುತ್ತೆ, ಆಮೇಲೆ ದೊಡ್ಡದು. ಒಂದು ಹಂತದಲ್ಲಿ ನಿಮ್ಮ ಪಾದಕ್ಕೆ ತಣ್ಣಗೆ ನೀರು ತಾಗಿದ ಹಾಗೆ ಅನ್ಸುತ್ತೆ. ಗಾಬರಿ ಬೇಡ. ಅದೇ ಇದರ ಸೊಬಗು."

"ಪಾದಕ್ಕಾ?" ಎಂದರು ಇಂಜಿನಿಯರು ಹುಬ್ಬೇರಿಸಿ.

"ಬರೆದಿಟ್ಕೊಳ್ಳಿ ಸಾರ್."

ಇಂಜಿನಿಯರು ಕಣ್ಣು ಮುಚ್ಚಿದರು. ಜೀವಮಾನದಲ್ಲಿ ಮೊದಲ ಸಲ ಗಂಡನ ಮಾತಿಗೆ ಎದುರಾಡದೆ ಮನೆಯಾಕೆಯೂ ಮುಚ್ಚಿದರು. ಪಂದ್ಯ ಅಂದಮೇಲೆ ಪಂದ್ಯ. ಅತ್ತೆಯವರೊಬ್ಬರು ಮುಚ್ಚಲಿಲ್ಲ, ಯಾಕೆಂದರೆ ಹೀಗೊಂದು ನಿಯಮವಿದೆ ಎಂದು ಅವರಿಗೆ ಕೇಳಿಸಿರಲೇ ಇಲ್ಲ. ಕಿವಿರಾಯರು ಮುಳ್ಳು ಇಳಿಸಿ, ಸದ್ದು ಏರಿಸಿ, ಓಡಿಬಂದು ತಮ್ಮ ಆರಾಮಕುರ್ಚಿಯಲ್ಲಿ ಕಾಲು ಮೇಲೆತ್ತಿ, ಕಣ್ಣು ಮುಚ್ಚಿಕೊಂಡು ಬಿದ್ದರು.

ಗಿಟಾರು ಧುಮುಕಿತು. ಡ್ರಮ್ಮು ಬೆನ್ನು ಹತ್ತಿತು.

ಇತ್ತ ಬೀದಿಯ ತುದಿಯಲ್ಲಿ, ಹೊತ್ತಿಗೆ ಸರಿಯಾಗಿ, ಇಲಾಖೆಯವರು ದೊಡ್ಡ ವಾಲ್ವನ್ನು ಪೂರ್ತಿ ತಿರುಗಿಸಿದರು. ವರ್ಷಗಟ್ಟಲೆ ಬೇಕರಿಯ ಮುಂದೆ ಮಣ್ಣುಪಾಲಾಗುತ್ತಿದ್ದ ನೀರು ಅಷ್ಟೂ ಪೈಪಿನೊಳಗೆ ನುಗ್ಗಿ, ಮನೆಮನೆಯ ನಲ್ಲಿಗೂ ಏರಿತು. ಬೀದಿಯ ಗಟ್ಟಿಮುಟ್ಟಾದ ನಲ್ಲಿಗಳು ತಡೆದುಕೊಂಡವು. ಕಿವಿರಾಯರ ಅಡುಗೆಮನೆಯ ನಲ್ಲಿಗೆ ಅಂಥ ಸಂಭ್ರಮ ಹೊಸದು. ಅದರ ತಲೆ ಕಳಚಿ ಹಾರಿ ಪಾತ್ರೆಗಳ ಮೇಲೆ ಬಿತ್ತು. ಬನಿಯನ್ನಿನ ಪಟ್ಟಿ ಮುದ್ದೆಯಾಗಿ ಹೋಗಿ ಸಿಂಕಿನ ತೂತಿಗೆ ಬೆಣೆ ಹೊಡೆದಂತೆ ಕೂತುಕೊಂಡಿತು.

ಪಾತ್ರೆಯ ಸದ್ದು ಕೋಣೆಯೊಳಗೂ ಬಂತು.

"ಅದೇನದು?" ಎಂದರು ಇಂಜಿನಿಯರು ಕಣ್ಣು ಬಿಡದೆ.

"ಸಿಂಬಲ್ಸ್ ಸಾರ್. ತಾಳ," ಎಂದರು ಕಿವಿರಾಯರು. ಇಷ್ಟು ವರ್ಷ ಕೇಳಿದ ರೆಕಾರ್ಡಿನಲ್ಲಿ ಆ ಜಾಗದಲ್ಲಿ ತಾಳವಿದ್ದದ್ದು ತಮಗೇ ನೆನಪಿಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಕೇಳಿದಷ್ಟೂ ಹೊಸದು ಸಿಗುವುದೇ ಅನಾಮಧೇಯರ ಹೆಚ್ಚುಗಾರಿಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಆಮೇಲೆ ಸುಸ್ಸ್ ಎಂಬ ಸದ್ದು ಶುರುವಾಯಿತು. ಹಿಂದೆಯೇ ಬುಸ್ಸ್. ನೆಲದಡಿಯಲ್ಲಿ ಆಳೆತ್ತರ ಕೆಳಗಿದ್ದರೂ ಈ ಸದ್ದನ್ನು ಹಿಡಿಯುವ ಕಿವಿ, ಗೋಡೆಯಾಚೆ ಹರಿಯುತ್ತಿದ್ದುದನ್ನು ಕೇಳಿ ಪರವಶವಾಯಿತು. ಆಹಾ, ಏನು ಅಲೆ! ಸ್ಪೀಕರುಗಳನ್ನು ಸ್ಟೂಲಿನ ಮೇಲಿಟ್ಟಿದ್ದೇ ಇಟ್ಟಿದ್ದು, ರೆಕಾರ್ಡಿನ ಬಣ್ಣವೇ ಬದಲಾಗಿಬಿಟ್ಟಿದೆ ಎಂದುಕೊಂಡರು.

ನೀರು ಸಿಂಕು ತುಂಬಿ, ಅಡುಗೆಮನೆ ತುಂಬಿ, ಬಾಗಿಲ ಕೆಳಗಿನ ಸಂದಿಯಿಂದ ಕೋಣೆಯೊಳಕ್ಕೆ ನಾಲಿಗೆ ಚಾಚಿತು. ಅತ್ತೆಯವರು ಅದನ್ನು ನೋಡಿದರು. ಅಳಿಯನ ಕಡೆ ನೋಡಿದರು.

"ಅಳಿಯಂದ್ರೇ, ನೀರು ಬರ್ತಾ ಇದೆ."

ಕಿವಿರಾಯರ ಮುಖ ಅರಳಿತು. ಕಣ್ಣು ಬಿಡದೆಯೇ, ಆಶೀರ್ವಾದ ಮಾಡುವವರ ಹಾಗೆ ಕೈಯೆತ್ತಿ ಇರಲಿ ಇರಲಿ ಎಂದು ಆಡಿಸಿದರು. "ಬರ್ಲಿ ಬಿಡಿ ಅತ್ತೆ, ಅದಕ್ಕೇ ಅಲ್ವಾ ಹಾಕಿರೋದು."

ಅತ್ತೆಯವರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಸದ್ದಿಲ್ಲದೆ ಎದ್ದು, ಕಪಾಟಿನ ಕಡೆ ಬಗ್ಗಿದರು.

ನೀರು ಇಂಜಿನಿಯರ ಬಿಳಿಯ ಸಾಕ್ಸನ್ನು ತಲುಪಿತು.

"ಕಿವಿರಾಯ್ರೇ," ಎಂದರು ಅವರು. "ನಾನು ನಂಬಿರ್ಲಿಲ್ಲ. ನಿಜವಾಗ್ಲೂ ಕಾಲಿಗೆ ತಾಗ್ತಾ ಇದೆ. ತಣ್ಣಗೆ."

"ನಾನು ಹೇಳ್ಲಿಲ್ವಾ ಸಾರ್."

"ರೀ," ಎಂದರು ಮನೆಯಾಕೆ. ಆ ದನಿ ಮದುವೆಯಾದ ಹೊಸದರಲ್ಲಿ ಕೇಳಿದ್ದು. "ನಂಗೂ ಆಗ್ತಾ ಇದೆ ಕಣ್ರೀ. ಹಿಮ್ಮಡಿವರೆಗೆ ಬಂತು. ಸೋತೆ, ಒಪ್ಕೊಂಡೆ."

ಕಿವಿರಾಯರಿಗೆ ಸ್ವರ್ಗಕ್ಕೆ ಮೂರೇ ಗೇಣು. ಇಷ್ಟು ವರ್ಷದ ಅವಮಾನ, ಗೋದಾಮು ಎಂಬ ಬೈಗುಳ, ಸೋಮವಾರದ ಗಾಡಿ ಎಲ್ಲವೂ ಆ ಅಲೆಯಲ್ಲಿ ಕೊಚ್ಚಿಹೋದವು. ಅಷ್ಟೇ ಹೊತ್ತಿಗೆ ಮೂರನೆಯ ತುಣುಕು. ಕಡ್ಡಿ ಬಿತ್ತು. ಯಾರೋ ನಕ್ಕರು. ಉಸಿರು ಬಿಗಿಹಿಡಿದರು. ಒಂದು ಕೈ, ಒಂದು ಕೈ, ಒಂದು ಕೈ, ಸಿಕ್ಕಿತು! ಕಿವಿರಾಯರ ಮುಚ್ಚಿದ ಕಣ್ಣಿಂದ ಹನಿ ಜಾರಿತು. ಗೆದ್ದೆವು ಎಂದರು ಮನಸ್ಸಿನಲ್ಲೇ, ಆ ಪಟ್ಟೆ ಅಂಗಿಯ ನಾಲ್ವರಿಗೆ.

ಆಗ ಬಾಗಿಲು ದಬದಬ ಬಡಿದುಕೊಂಡಿತು. ಅದಂತೂ ರೆಕಾರ್ಡಿನಲ್ಲಿರಲಿಲ್ಲ. ಕಿವಿರಾಯರು ಸಿಟ್ಟಿನಿಂದ ಕಣ್ಣು ಬಿಟ್ಟು, ಕಾಲು ಕೆಳಗಿಟ್ಟು, ಪಚಕ್ಕೆಂದು ನಿಂತರು.

ಬಾಗಿಲಲ್ಲಿ ಕೆಳಮನೆಯ ವಾಚ್ ರಿಪೇರಿಯವರು. ಮನೆಯೊಳಗಿಂದಲೇ ಬಿಚ್ಚಿಕೊಂಡು ಬಂದ ಕೊಡೆ ತಲೆಯ ಮೇಲೆ, ಕೈಯಲ್ಲಿ ಅರ್ಧ ತುಂಬಿದ ಬಕೆಟ್ಟು.

"ಸಂಗೀತ ಚೆನ್ನಾಗಿದೆ ಸಾರ್," ಎಂದರು ಆ ಸಜ್ಜನರು. "ಆದ್ರೆ ನಮ್ಮನೆ ಛಾವಣಿಯಿಂದ ತೊಟ್ಟಿಕ್ತಾ ಇದೆ."

ಮುಂದಿನದು ಎರಡು ಮಾತಲ್ಲಿ ಹೇಳುವಂಥದ್ದಲ್ಲ, ಆದರೂ ಹೇಳಬೇಕು. ನೀರು ಸರಬರಾಜು ಇಲಾಖೆಯ ಇಬ್ಬರು ಘನ ತಜ್ಞರು ಅಡುಗೆಮನೆಗೆ ನುಗ್ಗಿದರು. ನಲ್ಲಿಯಿದ್ದ ಜಾಗದಲ್ಲಿ ಕಾರಂಜಿ. ಇಂಜಿನಿಯರು ಎರಡೂ ಅಂಗೈ ಒತ್ತಿ ಹಿಡಿದರು, ನೀರು ಅವರ ತೋಳುಗಳ ನಡುವಿನಿಂದ ಸಿಡಿದು ಕನ್ನಡಕವನ್ನು ಕಿತ್ತುಕೊಂಡು ಹೋಯಿತು. ಕಿವಿರಾಯರು ಮಡಕೆಯ ಮುಚ್ಚಳ ಅಡ್ಡ ಹಿಡಿದರು, ಅದು ನೀರನ್ನು ಸರಿಯಾಗಿ ಮನೆಯಾಕೆಯ ಮುಖಕ್ಕೆ ತಿರುಗಿಸಿತು.

"ಒತ್ತಡ ಎಷ್ಟು ಚೆನ್ನಾಗಿ ಬರ್ತಾ ಇದೆ ನೋಡಿ," ಎಂದರು ಇಂಜಿನಿಯರು, ಅಂಥ ಹೊತ್ತಲ್ಲೂ ಇಲಾಖೆಯ ಅಭಿಮಾನ ಬಿಡದೆ. "ಮನೆಯ ಮೇನ್ ವಾಲ್ವ್ ಎಲ್ಲಿದೆ?"

ಕಿವಿರಾಯರ ಬಾಯಿ ಒಣಗಿತು. ಅಷ್ಟು ನೀರಿನ ನಡುವೆ ಒಣಗಿದ್ದು ಅದೊಂದೇ.

"ಕಪಾಟಿನ ಹಿಂದೆ ಸಾರ್."

"ಯಾವ ಕಪಾಟು?"

"ರೆಕಾರ್ಡಿಂದು. ಆ ತುಕ್ಕು ಹಿಡಿದ ಪೈಪು ನೋಡೋಕೆ ಅಸಹ್ಯ ಅಂತ ನಾನೇ ಅಡ್ಡ ಇಟ್ಟೆ. ಕೆಳಗಿನ ಸಾಲಿನ ಹಿಂದೆ ಬರುತ್ತೆ. ಎಲ್ಲ ಖಾಲಿ ಮಾಡಿದ್ರೆನೇ ಕೈ ಹೋಗೋದು."

ಹೇಳುತ್ತಿದ್ದಂತೆಯೇ ನೆನಪಾಯಿತು. ಕೆಳಗಿನ ಸಾಲು! ಏಡಿಗಳು, ಲೈಫ್‌ಗಾರ್ಡುಗಳು, ಟವೆಲ್ಲುಗಳ ಖಾಲಿ ರಟ್ಟು, ಎಲ್ಲವೂ ನೆಲಕ್ಕೆ ಅಂಟಿಕೊಂಡ ಆ ಸಾಲಿನಲ್ಲೇ ಇದ್ದವು. ನೀರು ಹಿಮ್ಮಡಿಗೆ ಬಂದು ಎಷ್ಟು ಹೊತ್ತಾಯಿತು? ಗಾಡಿ ಬೇಡ, ಇನ್ನು ರಟ್ಟಿನ ಮುದ್ದೆ ಬಾಚಲು ಗುದ್ದಲಿ ತಂದರೆ ಸಾಕು.

ಅಷ್ಟರಲ್ಲಿ ಕಾರಂಜಿ ಕುಗ್ಗಿತು. ಗೊರಗೊರ ಎಂದು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

"ನೋಡಿದ್ರಾ, ಅನುಭವ ಅಂದ್ರೆ ಇದು," ಎಂದರು ಇಂಜಿನಿಯರು, ಅಂಗೈಗಳನ್ನು ನಿಧಾನಕ್ಕೆ ತೆಗೆಯುತ್ತಾ. "ಒತ್ತಿ ಹಿಡಿದದ್ದಕ್ಕೆ ನಿಂತ್ಹೋಯ್ತು."

ಕೆಳಮನೆಯವರೂ ಸೇರಿ ನಾಲ್ವರೂ ಪಚಪಚ ನಡೆದು ಕೋಣೆಗೆ ಬಂದು, ಬಾಗಿಲಲ್ಲೇ ನಿಂತರು. ರೆಕಾರ್ಡು ಇನ್ನೂ ತಿರುಗುತ್ತಿತ್ತು, ಮೊದಲ ಬದಿಯ ಕೊನೆಯ ತುಣುಕು ಭೋರ್ಗರೆಯುತ್ತಿತ್ತು. ಆರಾಮಕುರ್ಚಿಯ ಮೇಲೆ, ಮೂರು ಕುರ್ಚಿಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೆಳಸಾಲಿನ ರೆಕಾರ್ಡುಗಳೆಲ್ಲ ಓರಣವಾಗಿ ಪೇರಿಕೊಂಡಿದ್ದವು. ಒಂದಕ್ಕೂ ಹನಿ ತಾಗಿರಲಿಲ್ಲ. ಅತ್ತೆಯವರು ನೀರಲ್ಲಿ ಸ್ಟೂಲು ಹಾಕಿಕೊಂಡು ಕೂತು, ಭುಜದವರೆಗೆ ಕೈಯನ್ನು ಖಾಲಿ ಕಪಾಟಿನೊಳಗೆ ತೂರಿಸಿದ್ದರು.

"ಇಲ್ಲೊಂದು ಚಕ್ರ ಸಿಕ್ತು. ತಿರುಗಿಸ್ದೆ," ಎಂದರು. "ಸರಿ ತಾನೇ?"

ಮಗಳು ಸೆರಗಿನ ಗಂಟಿನಿಂದ ಮಷೀನು ಬಿಚ್ಚಿ ತಾಯಿಯ ಕಿವಿಗೆ ಹಾಕಿದರು.

"ನೀರು ನೋಡಿದ ತಕ್ಷಣ ಕೂಗಬಾರ್ದಿತ್ತಾ ಅಮ್ಮಾ?"

"ಹೇಳಿದ್ನಲ್ಲೇ. ಅಳಿಯಂದ್ರು ಇರಲಿ ಇರಲಿ ಅಂತ ಕೈ ಆಡಿಸಿದ್ರು. ನೀರಿನ ಇಲಾಖೆಯೋರು, ಗೊತ್ತಿದ್ದೇ ಬಿಟ್ಟಿರ್ತಾರೆ ಅಂದ್ಕೊಂಡೆ. ಈ ರಟ್ಟುಗಳು ಮಾತ್ರ ನೆನೆಯೋದು ಬೇಡ ಅಂತ ಎತ್ತಿಟ್ಟೆ."

ರೆಕಾರ್ಡು ಮುಗಿದು ಮುಳ್ಳು ಕರಕರ ಎನ್ನತೊಡಗಿತು. ಲೆಕ್ಕ ಚುಕ್ತಾ ಮಾಡುವ ಗಳಿಗೆ ಬಂದಿತ್ತು. ಮನೆಯಾಕೆ ಸೀರೆಯಂಚು ಹಿಂಡುತ್ತಾ ಗಂಡನ ಕಡೆ ತಿರುಗಿದರು.

"ನಾನು ಸೋತೆ ಅಂದಿದ್ದು ನಲ್ಲಿ ನೀರಿಗೆ. ಅದು ಲೆಕ್ಕಕ್ಕಿಲ್ಲ."

"ಸಾರ್?" ಎಂದರು ಕಿವಿರಾಯರು, ಮುಳುಗುವವರ ದನಿಯಲ್ಲಿ.

ಇಂಜಿನಿಯರು ತಮ್ಮ ಸಾಕ್ಸನ್ನು ನೋಡಿಕೊಂಡರು. "ಇದು ಒಣಗಲಿ ಕಿವಿರಾಯ್ರೇ. ಆಮೇಲೆ ಅಭಿಪ್ರಾಯ ಹೇಳ್ತೀನಿ."

ಮುಗಿಯಿತು. ಕಿವಿರಾಯರು ಹೋಗಿ ಮುಳ್ಳೆತ್ತಿ, ರೆಕಾರ್ಡನ್ನು ತೆಗೆದು ರಟ್ಟಿನೊಳಗೆ ಜಾರಿಸಹೊರಟರು. ಪಕ್ಕಕ್ಕೆ ನೋಡುತ್ತಿದ್ದ ಆ ನಾಲ್ಕನೆಯವನ ಮುಖ ನೋಡುವ ಧೈರ್ಯವಾಗಲಿಲ್ಲ.

"ಯಾಕೆ ತೆಗೆದ್ರಿ?" ಎಂದರು ಅತ್ತೆಯವರು. "ಇನ್ನೊಂದು ಬದಿ ಇಲ್ವಾ?"

"ಇದೆ ಅತ್ತೆ."

"ಹಾಕಿ ಮತ್ತೆ."

"ನಿಮಗೆ ಕೇಳಿಸ್ತಾ?"

"ಎಲ್ಲಾ ಕೇಳಿಸ್ತು. ಮಷೀನಿಲ್ಲದೇನೇ," ಎಂದರು ಅವರು. ಆ ಮುಖದಲ್ಲಿ ಈಗ ಇದ್ದದ್ದು ಎಲ್ಲರಿಗೂ ತೋರಿಸುವ ನಗುವಲ್ಲ, ಬೇರೆಯದು. "ಹಾಡು ಅಂದ್ರೆ ಏನಂದ್ರು ಏನಂದ್ರು ಅಂತ ಪಕ್ಕದವರನ್ನ ಕೇಳ್ಬೇಕು. ಅವರು ಹೇಳೋಷ್ಟರಲ್ಲಿ ಮುಂದಿನ ಸಾಲು ಹೋಗಿರುತ್ತೆ. ಆಮೇಲೆ ಕೇಳೋದೇ ಬಿಟ್ಟೆ. ಇದ್ರಲ್ಲಿ ಯಾರೂ ಏನೂ ಅನ್ನಲ್ಲ. ನನಗೆ ಕೇಳಿಸ್ದೇ ತಪ್ಪಿಹೋಗಿದ್ದು ಒಂದೂ ಇಲ್ಲ. ಮಧ್ಯ ಯಾರದ್ದೋ ಕೈಯಿಂದ ಏನೋ ಬಿತ್ತಲ್ಲ?"

ಕಿವಿರಾಯರು ರೆಕಾರ್ಡನ್ನು ಮತ್ತೆ ಪ್ಲೇಯರಿನ ಮೇಲಿಟ್ಟರು. "ಡ್ರಮ್ಮಿನ ಕಡ್ಡಿ ಅತ್ತೆ."

"ಪಾಪ, ಹುಡುಕ್ಕೊಂಡ. ನನಗೆ ಎದೆ ಹಾರಿಹೋಗಿತ್ತು." ಅವರು ಮಗಳ ಕಡೆ ತಿರುಗಿದರು. "ಆ ಗಾಡಿಯವರಿಗೆ ಬರೋದು ಬೇಡ ಅನ್ನು. ಕಪಾಟು ಇಲ್ಲೇ ಇರಲಿ, ನಾನೂ ಇಲ್ಲೇ ಇರ್ತೀನಿ. ಒಂಟಿ ಮಂಚ ಸಾಕು ನನಗೆ."

ಆ ಸಂಜೆ ಕಿವಿರಾಯರು ನೆಲ ಒರೆಸಿದಷ್ಟು ಉಲ್ಲಾಸದಿಂದ ಯಾವ ಚಕ್ರವರ್ತಿಯೂ ಸಿಂಹಾಸನ ಏರಿರಲಾರ. ಇಡೀ ಮನೆ ಹಿಂಡಿ, ಕೆಳಮನೆಯ ಛಾವಣಿಯ ಕೆಳಗೆ ನಿಂತು ಕ್ಷಮೆ ಕೇಳಿ, ಬನಿಯನ್ನಿನ ಚೂರನ್ನು ಸಿಂಕಿನಿಂದ ಕಿತ್ತು, ಹೊಸ ನಲ್ಲಿ ಕೂರಿಸುವವರೆಗೂ ಬಾಯಲ್ಲಿ ಶಿಳ್ಳೆ. ಒದ್ದೆ ಟವೆಲ್ಲುಗಳಿಗೆ ಈ ಲೋಕದಲ್ಲಿ ಇನ್ನೊಬ್ಬರು ಅಭಿಮಾನಿ ಹುಟ್ಟಿದ್ದರು. ಬಾಯುಪಚಾರಕ್ಕಲ್ಲ, ಮನಸಾರೆ.

ಮಂಚ ಬಂತು. ಒಂಟಿ ಮಂಚವೇ. ಕಪಾಟು ಉಳಿಯಿತು. ಆದರೆ ಮನೆಯಾಕೆಯ ಕಣ್ಣಳತೆಯ ಪ್ರಕಾರ ಮಂಚ ಕೂರುವ ಜಾಗ ಒಂದೇ ಇತ್ತು, ಅದು ಆರಾಮಕುರ್ಚಿಯದು. ಕುರ್ಚಿ ಹಾಲಿಗೆ ಹೋಯಿತು. ಅತ್ತೆಯವರು ಸುಮ್ಮನೆ ಕೂರುವವರಲ್ಲ. ಕಿವಿ ಮಷೀನಿನ ಆಸ್ಪತ್ರೆಯಲ್ಲಿ ತಮ್ಮೊಂದಿಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿಸಿದರು. ಮುಂದಿನ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಂಚದ ತುಂಬ ಹಿರಿಯ ಹೆಂಗಸರು. ಮಷೀನುಗಳೆಲ್ಲ ಮೇಜಿನ ಮೇಲೊಂದು ತಟ್ಟೆಯಲ್ಲಿ. ಬಾಗಿಲು ಹಾಕಿಕೊಂಡು, ಅಳಿಯಂದಿರ ನಿಯಮವನ್ನು ಮಗಳಿಂದ ವಿವರವಾಗಿ ತಿಳಿದುಕೊಂಡಿದ್ದ ಅತ್ತೆಯವರು ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಕಣ್ಣು ಮುಚ್ಚಬೇಕು, ಮಾತಾಡಬಾರದು, ಒಂದು ಬದಿ ಮುಗಿಯುವವರೆಗೆ ಯಾರೂ ಏಳಬಾರದು.

ಕಿವಿರಾಯರು ಬಾಗಿಲು ತಟ್ಟಿದರು. ಜೋರಾಗಿ ತಟ್ಟಿದರು. ಅತ್ತೇ ಎಂದು ಕೂಗಿದರು. ಯಾರೂ ತೆಗೆಯಲಿಲ್ಲ. ತಟ್ಟಿದ್ದು ಕೇಳಿಸುವವರು ಒಳಗೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಮೂಲೆಯಲ್ಲಿ ಒರಗಿಸಿದ್ದ ಕಿವಿಕೋಲನ್ನು ತಂದರು. ತುದಿಯನ್ನು ತಮ್ಮದೇ ಕೋಣೆಯ ಬಾಗಿಲಿಗೆ ಊರಿ, ಮರದ ಬಟ್ಟಲಿಗೆ ಕಿವಿ ಹಚ್ಚಿದರು. ಗಿಟಾರು ಓಡುತ್ತಿತ್ತು. ಡ್ರಮ್ಮು ಬೆನ್ನು ಹತ್ತಿತ್ತು. ಕಡ್ಡಿ ಬಿತ್ತು. ರೆಕಾರ್ಡಿನೊಳಗೆ ಯಾರೋ ಕಿಸಕ್ಕೆಂದರು, ಅದರ ಮೇಲೆ ಮಂಚದ ತುಂಬ ಅಯ್ಯೋ ಎಂಬ ಉದ್ಗಾರ. ಕಡ್ಡಿ ಸಿಕ್ಕಿದ ಕೂಡಲೇ ಅಷ್ಟೂ ಕಾಲುಗಳು ನೆಲಕ್ಕೆ ತಾಳ ಹಾಕತೊಡಗಿದವು. ಕಿವಿರಾಯರಿಗೆ ಹಿಗ್ಗೋ ಹಿಗ್ಗು. ಬಟ್ಟಲಿಗೆ ಒತ್ತಿಕೊಂಡ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

ಹಿಂದಿನಿಂದ ಮನೆಯಾಕೆಯ ದನಿ ಬಂತು.

"ಏನ್ರೀ, ನಮ್ಮನೆಯೊಳಗೇ ಪತ್ತೆ ಕೆಲ್ಸ ನಡೀತಾ ಇದೆ?"

"ಶ್! ಮೂರನೇ ತುಣುಕು."

"ಕೇಳಿ ಕೇಳಿ, ನಾನು ಬೇಡ ಅನ್ನಲ್ಲ. ಮುಗಿದ ಮೇಲೆ ಬಚ್ಚಲಿನ ನಲ್ಲಿಗೊಂದು ವಾಷರ್ ಹಾಕಿ. ಬೆಳಿಗ್ಗೆಯಿಂದ ಟೊಕ್ ಟೊಕ್ ಅಂತಿದೆ."

ಕಿವಿರಾಯರು ಕೋಲು ಇಳಿಸಿದರು. "ನನಗೆ ಕೇಳಿಸ್ಲೇ ಇಲ್ವಲ್ಲ. ನಿನಗೆ ಕೇಳಿಸ್ತಾ?"

"ನನಗೂ ಇಲ್ಲ," ಎಂದರು ಮನೆಯಾಕೆ. "ಅಮ್ಮ ಹೇಳಿದ್ದು."